ತುಕ್ಕು ಹಿಡಿದ ಪೆಟ್ರೋಲ್ ಕ್ಯಾನು: ತೊಳೆಯುವುದೋ, ಎಸೆಯುವುದೋ?



ಅಡಿಕೆಗೆ ಮದ್ದು ಬಿಡುವ ದಿನಗಳು ಹತ್ತಿರ ಬಂದಾಗ ಸ್ಪ್ರೇಯರ್ ಯಂತ್ರವನ್ನು ಹೊರಗೆ ತೆಗೆದು ಒರೆಸಿ ಸಜ್ಜುಗೊಳಿಸುತ್ತೇವೆ. ಆದರೆ ಅದಕ್ಕೆ ಪೆಟ್ರೋಲು ತುಂಬಿಡುವ ತಗಡಿನ ಕ್ಯಾನಿನ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಹಟ್ಟಿಯ ಬದಿಯಲ್ಲೋ ಸೌದೆ ಕೊಟ್ಟಿಗೆಯ ಮೂಲೆಯಲ್ಲೋ ವರ್ಷಗಟ್ಟಲೆ ಕುಳಿತ ಆ ಕ್ಯಾನಿನ ತಳದಲ್ಲಿ ತುಕ್ಕು ಬೆಳೆಯುತ್ತಿರುತ್ತದೆ. ಯಂತ್ರ ಕೆಟ್ಟು ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ಕೆಂಪು ಹುಡಿಯನ್ನು ತೋರಿಸಿದಾಗಲೇ ನಮಗೆ ಅದರ ನೆನಪಾಗುವುದು. ಕೆಟ್ಟ ಯಂತ್ರವನ್ನು ಸರಿಪಡಿಸಬಹುದು. ಆದರೆ ಹಳೆಯ ಕ್ಯಾನಿನಿಂದ ಜೀವಕ್ಕೂ ಅಪಾಯವಿದೆ. ಈ ಸಲ ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತೇವೆ.

ತುಕ್ಕು ಬರುವುದು ಹೇಗೆ?

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಪಕ್ಕದಲ್ಲೇ ಕಡಲಿರುವ ನಮ್ಮ ಕಾಸರಗೋಡಿನ ಕಡೆ ಇವೆರಡಕ್ಕೂ ಕೊರತೆಯಿಲ್ಲ. ಉಪ್ಪಿನ ಗಾಳಿ ಬೇರೆ ಸೇರಿಕೊಳ್ಳುತ್ತದೆ.

“ಒಳಗೆ ಇರುವುದು ಪೆಟ್ರೋಲು, ನೀರು ಎಲ್ಲಿಂದ ಬಂತು?” ಎಂದು ಕೆಲವರು ಕೇಳುತ್ತಾರೆ. ಅರ್ಧ ಖಾಲಿಯಾದ ಕ್ಯಾನಿನೊಳಗೆ ಉಳಿದರ್ಧ ಗಾಳಿ ತುಂಬಿರುತ್ತದೆ. ರಾತ್ರಿ ತಂಪಾದಾಗ ಆ ಗಾಳಿಯ ತೇವ ತಗಡಿನ ಮೇಲೆ ಬೆವರಿನಂತೆ ಕಟ್ಟಿ ಕೆಳಗಿಳಿಯುತ್ತದೆ. ಪೆಟ್ರೋಲು ನೀರಿಗಿಂತ ಹಗುರ. ಆದ್ದರಿಂದ ನೀರು ತಳ ಸೇರಿ ಅಲ್ಲೇ ನಿಲ್ಲುತ್ತದೆ. ತೂತು ಹೆಚ್ಚಾಗಿ ತಳದ ಅಂಚಿನಲ್ಲೇ ಬೀಳಲು ಇದೇ ಕಾರಣ.

ಹಿಂದೆ ಇಲ್ಲದ ಇನ್ನೊಂದು ಕಾರಣವೂ ಈಗಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಎಥನಾಲ್ ಬೆರೆಸಲಾಗುತ್ತಿದ್ದು, ಅದರ ಪಾಲು 2025ರಲ್ಲಿ ನೂರಕ್ಕೆ 20ಕ್ಕೆ ಮುಟ್ಟಿದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿಮೀರಿದರೆ ನೀರಿನೊಂದಿಗೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆದ್ದರಿಂದ ಹಿಂದಿನಂತೆ ಆರು ತಿಂಗಳು ಪೆಟ್ರೋಲು ಕೂಡಿಡುವ ಅಭ್ಯಾಸ ಈಗ ಸಲ್ಲದು.

ತಡೆಯುವ ಬಗೆ

1. ಒಂದು ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲು ತನ್ನಿರಿ. ಇಡುವುದಾದರೆ ಕ್ಯಾನು ಹೆಚ್ಚುಕಡಿಮೆ ತುಂಬಿರಲಿ. ಬಿಸಿಲಿಗೆ ಹಿಗ್ಗುವುದರಿಂದ ಮೇಲೆ ಸ್ವಲ್ಪ ಜಾಗ ಬಿಡಬೇಕು.

2. ಕ್ಯಾನನ್ನು ಮಣ್ಣಿನ ಅಥವಾ ಸಿಮೆಂಟಿನ ನೆಲದ ಮೇಲೆ ಇಡಬೇಡಿ. ಎರಡು ಮರದ ಪಟ್ಟಿಗಳ ಮೇಲೆ ಇಟ್ಟರೆ ಅಡಿಯಲ್ಲಿ ಗಾಳಿಯಾಡಿ ತಳ ಒಣಗಿರುತ್ತದೆ.

3. ಮುಚ್ಚಳದ ವಾಶರ್ ಹರಿದಿದ್ದರೆ ಬದಲಿಸಿರಿ. ಪ್ಲಾಸ್ಟಿಕ್ ಚೀಲದ ತುಂಡು ವಾಶರಿನ ಕೆಲಸ ಮಾಡುವುದಿಲ್ಲ.

4. ಮೈಲುತುತ್ತು ಮತ್ತು ರಸಗೊಬ್ಬರದ ಹತ್ತಿರ ಇಡಲೇಬೇಡಿ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವಲ್ಲ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಹಾಗೆ ತಾಮ್ರ ಕೂರುವಾಗ ಕಬ್ಬಿಣ ಕರಗುತ್ತಿರುತ್ತದೆ. ಮೈಲುತುತ್ತಿನ ನೀರು ಸಿಡಿದ ಕ್ಯಾನಿಗೂ ಆಗುವುದು ಇದೇ. ಪೊಟ್ಯಾಶ್ ಗೊಬ್ಬರವೂ ಉಪ್ಪಿನಂತೆ ತಗಡನ್ನು ತಿನ್ನುತ್ತದೆ.

5. ಹೊರಗಿನ ತುಕ್ಕನ್ನು ಕ್ಯಾನು ಖಾಲಿ ಮಾಡಿ ತೊಳೆದ ನಂತರವೇ ತೆಗೆಯಬೇಕು. ತಂತಿ ಬ್ರಶ್ಶಿನಿಂದ ಕೈಯಲ್ಲೇ ಉಜ್ಜಿ, ಉಪ್ಪುಕಾಗದ ಹಾಕಿ, ರೆಡ್ ಆಕ್ಸೈಡ್ ಒಂದು ಕೋಟು, ಅದು ಒಣಗಿದ ಮೇಲೆ ಎನಾಮಲ್ ಬಣ್ಣ ಎರಡು ಕೋಟು ಬಳಿಯಿರಿ. ಕರೆಂಟಿನ ಗ್ರೈಂಡರ್ ಬೇಡ, ಅದರಿಂದ ಕಿಡಿ ಹಾರುತ್ತದೆ.

6. ಡೀಸೆಲನ್ನು ಸತುವಿನ ಲೇಪದ ಜಿಐ ಪಾತ್ರೆಯಲ್ಲಿ ಹೆಚ್ಚು ದಿನ ಇಡಬಾರದು. ಸತು ಡೀಸೆಲಿನೊಡನೆ ವರ್ತಿಸಿ ಸಾಬೂನಿನಂಥ ಪದಾರ್ಥವಾಗಿ ಫಿಲ್ಟರನ್ನು ಕಟ್ಟುತ್ತದೆ.

ಒಳಗಿನ ತುಕ್ಕಿಗೆ ಪರಿಹಾರ

ತುಕ್ಕು ತೆಳುವಾಗಿದ್ದು ತೂತು ಬಿದ್ದಿಲ್ಲವಾದರೆ ಮನೆಯಲ್ಲೇ ತೊಳೆಯಬಹುದು. ಮನೆ, ಬಾವಿ, ಒಲೆಗಳಿಂದ ದೂರ, ಬಯಲಿನಲ್ಲಿ ಹಗಲು ಹೊತ್ತು ಮಾಡಬೇಕು. ಹತ್ತಿರ ಬೀಡಿ ಸೇದುವವರು ಇರಬಾರದು.

ಮೊದಲು ಕ್ಯಾನನ್ನು ಪೂರ್ತಿ ಬರಿದುಮಾಡಿ, ಸೋಪು ನೀರಿನಲ್ಲಿ ಮೂರು ನಾಲ್ಕು ಸಲ ಕುಲುಕಿ ತೊಳೆಯಿರಿ. ಪೆಟ್ರೋಲಿನ ವಾಸನೆ ಇನ್ನೂ ಬಲವಾಗಿದ್ದರೆ ಮತ್ತೆ ತೊಳೆಯಿರಿ. ಅನಂತರ ಒಂದು ಹಿಡಿ ಸಣ್ಣ ಹೊಳೆಗಲ್ಲು ಮತ್ತು ಸೋಪು ನೀರು ಹಾಕಿ ಚೆನ್ನಾಗಿ ಕುಲುಕಿದರೆ ಸಡಿಲವಾದ ತುಕ್ಕು ಉದುರುತ್ತದೆ. ನಟ್ಟು, ಸರಪಳಿ ಹಾಕುವವರಿದ್ದಾರೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರುವುದೇ ಲೇಸು.

ಉಳಿದ ತುಕ್ಕಿಗೆ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಹುಡಿಯನ್ನು ಲೀಟರು ಬಿಸಿನೀರಿಗೆ 50ರಿಂದ 100 ಗ್ರಾಂ ಕರಗಿಸಿ ಕ್ಯಾನು ತುಂಬ ಹಾಕಿ ಒಂದು ರಾತ್ರಿ ಬಿಡಿ. ವಿನೆಗರ್ ಆದರೂ ಆಗಬಹುದು. ಆಗ ಮುಚ್ಚಳವನ್ನು ಬಿಗಿಯಬೇಡಿ, ಹುಳಿಯೂ ಕಬ್ಬಿಣವೂ ಸೇರಿದಾಗ ಉರಿಯುವ ಅನಿಲ ಸ್ವಲ್ಪ ಹುಟ್ಟುತ್ತದೆ. ಮರುದಿನ ಚೆಲ್ಲಿ, ಅಡುಗೆ ಸೋಡ ಕದಡಿದ ನೀರಿನಲ್ಲಿ ಒಮ್ಮೆ, ಬರೇ ನೀರಿನಲ್ಲಿ ಎರಡು ಸಲ ತೊಳೆದು ಕೂಡಲೇ ಬಿಸಿಲಿಗೆ ಕವುಚಿ ಇಡಿ. ಒಣಗಿಸಲು ಒಲೆಯ ಬದಿ ಬೇಡ. ತಡಮಾಡಿದರೆ ಸಂಜೆಗೆ ಹೊಸ ತುಕ್ಕು ಮೂಡಿರುತ್ತದೆ. ಒಣಗಿದ ಮೇಲೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಎಲ್ಲ ಬದಿಗೂ ಹರಿಯುವಂತೆ ತಿರುಗಿಸಿ ಸೋಸಿ ತೆಗೆಯಿರಿ. ಸತುವಿನ ಲೇಪದ ಕ್ಯಾನಿಗೆ ಈ ಹುಳಿ ಚಿಕಿತ್ಸೆ ಬೇಡ, ಲೇಪವೇ ಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ಯಾವ ಕ್ಯಾನಿಗೂ ಬೇಡ. ಅದು ತಗಡನ್ನೂ ನಿಮ್ಮ ಶ್ವಾಸಕೋಶವನ್ನೂ ಸುಡುತ್ತದೆ.

ತೂತಾದ ಕ್ಯಾನಿಗೆ ಬೆಸುಗೆ ಬೇಡ

ಈ ಲೇಖನದ ಮುಖ್ಯ ಮಾತು ಇದು. ತೂತಾದ ಕ್ಯಾನನ್ನು ವೆಲ್ಡಿಂಗ್ ಅಂಗಡಿಗೆ ಕೊಟ್ಟು “ಖಾಲಿ ಇದೆ, ಒಂದು ಬೊಟ್ಟು ಹಾಕು” ಎನ್ನುವವರು ಇಂದಿಗೂ ಇದ್ದಾರೆ. ಖಾಲಿ ಕ್ಯಾನು ನಿಜವಾಗಿ ಖಾಲಿಯಲ್ಲ, ಅದರಲ್ಲಿ ಆವಿ ತುಂಬಿರುತ್ತದೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟಿದ್ದರೂ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ತುಂಬಿದ ಕ್ಯಾನಿನೊಳಗೆ ಆವಿ ದಟ್ಟವಾಗಿದ್ದು ಉರಿಯಲು ಬೇಕಾದ ಗಾಳಿ ಇರುವುದಿಲ್ಲ. ಖಾಲಿ ಕ್ಯಾನಿನಲ್ಲಿ ಗಾಳಿ, ಆವಿ ಎರಡೂ ಇರುತ್ತವೆ. ಡೀಸೆಲ್ ಮತ್ತು ಚಿಮಿಣಿ ಎಣ್ಣೆಯ ಕ್ಯಾನನ್ನೂ ನಂಬುವಂತಿಲ್ಲ. ಮಡಿಕೆಗಳಲ್ಲಿ, ತುಕ್ಕಿನ ಪದರದಲ್ಲಿ ಹೀರಿಕೊಂಡ ಎಣ್ಣೆ ಬೆಸುಗೆಯ ಕಾವಿಗೆ ಆವಿಯಾಗುತ್ತದೆ.

ಕ್ಯಾನು ನಮ್ಮದು, ಆದರೆ ಅದರ ಮುಂದೆ ಕೂರುವವನು ಅಂಗಡಿಯ ಹುಡುಗ. ಕೆಲವು ನೂರು ರೂಪಾಯಿಯ ಕ್ಯಾನಿಗಾಗಿ ಇನ್ನೊಬ್ಬರ ಮಗನ ಕಣ್ಣನ್ನೂ ಕೈಯನ್ನೂ ಪಣಕ್ಕಿಡುವುದು ನ್ಯಾಯವಲ್ಲ. ಒಂದು ಕಡೆ ತುಕ್ಕು ತಿಂದು ತೂತಾಗಿದೆ ಎಂದರೆ ಸುತ್ತಲಿನ ತಗಡೂ ಕಾಗದದಷ್ಟು ತೆಳುವಾಗಿರುತ್ತದೆ. ಮೇಣ, ಎಂ-ಸೀಲ್ ಮೆತ್ತಿದರೂ ಪ್ರಯೋಜನವಿಲ್ಲ. ಅಂಥ ಕ್ಯಾನನ್ನು ತೊಳೆದು, ಮುಚ್ಚಳ ತೆಗೆದು ಗುಜರಿಗೆ ಕೊಡಿ. ಕೊಡುವಾಗ “ಇದು ಪೆಟ್ರೋಲಿನ ಕ್ಯಾನು, ಗ್ಯಾಸ್ ಕಟ್ಟರ್ ಹಿಡಿಯಬೇಡಿ” ಎಂದು ಬಾಯಿಬಿಟ್ಟು ಹೇಳಿ. ಕುಡಿಯುವ ನೀರಿಗೆ, ದನಗಳ ನೀರಿಗೆ ಅದನ್ನು ಬಳಸುವುದೂ ಬೇಡ.

ಹೊಸದನ್ನು ಕೊಳ್ಳುವಾಗ ಕಾನೂನು ತಿಳಿದಿರಲಿ. 1934ರ ಪೆಟ್ರೋಲಿಯಂ ಕಾಯಿದೆಯಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಒಟ್ಟು 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಪಾತ್ರೆ ಲೋಹದ್ದಾದರೆ ಒಂದೊಂದೂ 25 ಲೀಟರ್ ಮೀರಬಾರದು, ಭದ್ರವಾದ ಮುಚ್ಚಳವಿರಬೇಕು.

ಆರೋಗ್ಯದ ಎರಡು ಮಾತು

ತುಕ್ಕಿನ ತಗಡು ಗೀರಿದರೆ ಧನುರ್ವಾಯು ಬರುತ್ತದೆ ಎಂಬ ಮಾತಿದೆ. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣು ಮತ್ತು ಸೆಗಣಿಯಲ್ಲಿರುವ ರೋಗಾಣು. ಹಟ್ಟಿಯ ಬದಿಯಲ್ಲಿದ್ದ ಕ್ಯಾನಿನ ಮೇಲೆ ಅದು ಇರಬಹುದಾದ್ದರಿಂದ ಹೆದರಿಕೆ ಸಕಾರಣವೇ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೊನೆಯ ಚುಚ್ಚುಮದ್ದು ಯಾವಾಗ ಆಗಿತ್ತೆಂದು ತಿಳಿಸಿ. ಗಾಯ ಹೊಲಸಾಗಿದ್ದು ಐದು ವರ್ಷ ಕಳೆದಿದ್ದರೆ ಮತ್ತೆ ಬೇಕಾಗಬಹುದು.

ಪೈಪಿಗೆ ಬಾಯಿ ಹಾಕಿ ಎಣ್ಣೆ ಎಳೆಯುವುದನ್ನು ಇಂದೇ ಬಿಟ್ಟುಬಿಡಿ. ಶ್ವಾಸಕೋಶಕ್ಕೆ ಇಳಿದ ಒಂದು ಗುಟುಕು ಕಠಿಣ ನ್ಯುಮೋನಿಯಾ ತರಬಲ್ಲದು. ಮಕ್ಕಳು ಚಿಮಿಣಿ ಎಣ್ಣೆ ಅಥವಾ ಪೆಟ್ರೋಲು ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯೊಡನೆ ಎಣ್ಣೆ ಶ್ವಾಸಕೋಶ ಸೇರುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ನಿಮ್ಮ ಕ್ಯಾನನ್ನು ಹೊರಗೆ ಬೆಳಕಿಗೆ ತಂದು ತಳವನ್ನು ನೋಡಿರಿ. ತುಕ್ಕು ಮಾತ್ರ ಇದ್ದರೆ ತೊಳೆಯಿರಿ. ಒದ್ದೆ ಕಲೆ ಕಂಡರೆ ಕೈಬಿಡಿರಿ.