ಈಸಲು, ರೇಷ್ಮೆಹುಳು ಮತ್ತು ಜುಗುಪ್ಸೆಯ ಪಾಠ

ಹಲವು ವರ್ಷಗಳ ಹಿಂದಿನ ಮಾತು. ಐಚ್ಛಿಕ ಕನ್ನಡ ತರಗತಿಯಲ್ಲಿ ಬೀಭತ್ಸ ರಸವನ್ನು ವಿವರಿಸುತ್ತಿದ್ದೆ. ಹಿಂದಿನ ರಾತ್ರಿ ವರ್ಷದ ಮೊದಲ ಮಳೆ ಬಿದ್ದಿತ್ತು. ದೀಪದ ಕಂಬಗಳ ಕೆಳಗೆಲ್ಲ ಉದುರಿದ ರೆಕ್ಕೆಗಳು. ಉದಾಹರಣೆಗೆ ಹೆಚ್ಚು ಯೋಚಿಸದೆ, "ಈಸಲು ಹುಳುಗಳನ್ನು ಹುರಿದು ತಿನ್ನುವುದನ್ನು ಊಹಿಸಿಕೊಳ್ಳಿ" ಎಂದೆ. ಹಿಂದೂಪುರದಿಂದ ಬರುತ್ತಿದ್ದ ವಿದ್ಯಾರ್ಥಿಗಳು ಮುಖ ಸಿಂಡರಿಸಿ ನಕ್ಕರು. ಕಲ್ಯಾಣದುರ್ಗದ ಕಡೆಯ ಹಳ್ಳಿಯೊಂದರ ವಿದ್ಯಾರ್ಥಿನಿ ಮಾತ್ರ ತಲೆ ತಗ್ಗಿಸಿದಳು. ತರಗತಿ ಮುಗಿದ ಮೇಲೆ ಬಂದು, "ಸಾರ್, ನಮ್ಮಜ್ಜಿ ಈಗಲೂ ಹುರೀತಾರೆ. ಚಿಕ್ಕವಳಿದ್ದಾಗ ನಾನೂ ತಿಂದಿದ್ದೀನಿ. ಅದು ಅಷ್ಟು ಕೆಟ್ಟದ್ದಾ ಸಾರ್?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆಗ ಕೊಡಲಾಗದೆ ಹೋದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಶಾಸ್ತ್ರ ಏನು ಹೇಳುತ್ತದೆಂದು ನೋಡೋಣ. ಬೀಭತ್ಸದ ಸ್ಥಾಯಿಭಾವ ಜುಗುಪ್ಸೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಬೀಭತ್ಸವನ್ನು ವಿಭಾಗಿಸುವಾಗ, ರಕ್ತಾದಿಗಳಿಂದ ಹುಟ್ಟುವುದನ್ನು ಕ್ಷೋಭಜವೆಂದೂ, ಮಲ ಮತ್ತು ಕ್ರಿಮಿಗಳಿಂದ ಹುಟ್ಟುವುದನ್ನು ಉದ್ವೇಗಿಯೆಂದೂ ಕರೆಯುತ್ತಾನೆ. ಹುಳುವನ್ನು ಕಂಡು ಮುಖ ಸಿಂಡರಿಸುವುದು ಇಂದಿನ ನಾಗರಿಕತೆಯ ಹೊಸ ಅಭ್ಯಾಸವಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಅಲ್ಲಿ ಕ್ರಿಮಿ ಮಲದ ಜೊತೆಗಿದೆ. ಕೊಳೆತದ್ದರಲ್ಲಿ ಹರಿದಾಡುವ ಹುಳು ಅದು. ಸ್ಥಾಯಿಭಾವವು ಎಲ್ಲರಲ್ಲಿಯೂ ಇರುವಂಥದ್ದು. ಅದನ್ನು ಎಚ್ಚರಿಸುವ ವಿಭಾವವು ಮಾತ್ರ ಸಂದರ್ಭವನ್ನು ಅವಲಂಬಿಸಿದೆ. ಜುಗುಪ್ಸೆ ಹುಟ್ಟಿನಿಂದ ಬಂದಿರಬಹುದು, ಯಾವುದರ ಬಗ್ಗೆ ಜುಗುಪ್ಸೆಪಡಬೇಕೆಂಬುದು ಮನೆಯಿಂದ, ಕೇರಿಯಿಂದ, ಶಾಲೆಯಿಂದ ಕಲಿತದ್ದು.

ಆಧುನಿಕ ಮನೋವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. 1986ರಲ್ಲಿ ಅಮೆರಿಕದ ಪಾಲ್ ರೋಜಿನ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಂಪೂರ್ಣವಾಗಿ ಶುದ್ಧೀಕರಿಸಿದ ಸತ್ತ ಜಿರಳೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದಾಗ, ಅಪಾಯವಿಲ್ಲವೆಂದು ತಿಳಿದಿದ್ದರೂ ಜನ ಆ ರಸವನ್ನು ಕುಡಿಯಲು ಹಿಂಜರಿದರು. ಅವರನ್ನು ತಡೆದದ್ದು ರೋಗದ ಭಯವಲ್ಲ, 'ಇದು ಹೊಲಸು' ಎಂಬ ಭಾವನೆ. ತೀರ ಚಿಕ್ಕ ಮಕ್ಕಳಲ್ಲಿ ಈ ಭಾವನೆ ಇರುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಅವರು ಬಾಯಿಗಿಡುತ್ತಾರೆ, ನಾವು 'ಛೀ' ಎಂದು ಕಲಿಸುತ್ತೇವೆ.

ಇನ್ನು ಆ ಅಜ್ಜಿಯ ಬಾಣಲೆಗೆ ಬರೋಣ. ಈಸಲು ಎಂದರೆ ರೆಕ್ಕೆ ಮೂಡಿದ ಗೆದ್ದಲು. ಮೊದಲ ಮಳೆಗೆ ನೆಲ ನೆನೆದಾಗ ಹುತ್ತಗಳಿಂದ ಗುಂಪಾಗಿ ಹೊರಟು, ಜೋಡಿಯಾಗಿ, ರೆಕ್ಕೆ ಕಳಚಿ ಹೊಸ ಹುತ್ತಕ್ಕೆ ನೆಲೆ ಹುಡುಕುವ ಜೀವಿ. ಹುತ್ತದ ಬಳಿ ದೀಪವಿಟ್ಟು, ಕೆಳಗೆ ನೀರಿನ ಪಾತ್ರೆಯಿಟ್ಟು ಇವುಗಳನ್ನು ಹಿಡಿಯುತ್ತಾರೆ. ಒಣಗಿಸಿ, ಮೊರದಲ್ಲಿ ಕೇರಿ ರೆಕ್ಕೆ ಬೇರ್ಪಡಿಸಿ, ಎಣ್ಣೆಯಿಲ್ಲದೆ ಹುರಿಯುತ್ತಾರೆ. ಅದರಲ್ಲಿರುವ ಕೊಬ್ಬೇ ಸಾಕಾಗುತ್ತದೆ. ಹುರಿದ ಕಾಳಿನೊಂದಿಗೆ, ಕಡಲೆಕಾಯಿ ಬೀಜದೊಂದಿಗೆ ಬೆರೆಸಿ ತಿನ್ನುವುದುಂಟು. ತಮಿಳಿನಲ್ಲಿ ಈಸಲ್, ಮಲಯಾಳದಲ್ಲಿ ಈಯಲ್, ತೆಲುಗಿನಲ್ಲಿ ಉಸಿಳ್ಳು: ಸೋದರ ಭಾಷೆಗಳಲ್ಲಿ ಇದಕ್ಕೆ ಹೀಗೆ ಸ್ವಂತ ಹೆಸರುಗಳಿವೆ. ಹೊಲಸೆಂದು ತಿಳಿದದ್ದಕ್ಕೆ ಜನ ಇಷ್ಟು ಪ್ರೀತಿಯಿಂದ ಪ್ರತ್ಯೇಕ ಹೆಸರಿಡುವುದು ಅಪರೂಪ. ಅಜ್ಜಿಯ ಬಾಯಲ್ಲಿ ಅದು 'ಈಸಲು'. ನಮ್ಮ ತರಗತಿಯಲ್ಲಿ ಅದು 'ಹುಳು' ಆಯಿತು. ಹೆಸರು ಬದಲಾದ ಕ್ಷಣದಲ್ಲಿಯೇ ಆಹಾರವು ಅಸಹ್ಯವಾಯಿತು.

ಬಡತನಕ್ಕೆ, ಬರಕ್ಕೆ ತಿಂದರು ಎಂದು ಕನಿಕರದಿಂದ ಹೇಳುವವರಿದ್ದಾರೆ. ಅನಂತಪುರದ ಸೀಮೆ ಬರದ ಸೀಮೆಯೆಂಬುದು ನಿಜ. 1876–78ರ ಮಹಾಕ್ಷಾಮದ ನೆನಪು ಇಲ್ಲಿ 'ಧಾತು ಬರ'ವೆಂಬ ಹೆಸರಿನಲ್ಲಿ ಉಳಿದಿದೆ. ಆದರೆ ಈಸಲು ಬರುವುದು ಮಳೆ ಬಂದಾಗ! ಅದು ಬರಗಾಲದ ಗಂಜಿಯಲ್ಲ, ವರ್ಷಕ್ಕೆ ಕೆಲವೇ ದಿನ ದೊರೆಯುವ ಮುಂಗಾರಿನ ರುಚಿ. ಮಲೆನಾಡಿನ ಚಗಳಿ ಇರುವೆಯ ಚಟ್ನಿಯೂ ಹೀಗೆಯೇ, ಹುಳಿಯ ರುಚಿಗಾಗಿ ಮಾಡುವಂಥದ್ದು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಿಮಿಲಿಪಾಲ್ ಪ್ರದೇಶದ ಇರುವೆ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆಯಿತು.

ಈಗ ನಕ್ಕವರ ಊರಿಗೆ ಬರೋಣ. ಹಿಂದೂಪುರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಎಷ್ಟೋ ಮನೆಗಳಿಗೆ ಅನ್ನ ನೀಡಿದ್ದು ಹುಳುವೇ. ಹಸಿ ಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಳಗಿರುವ ಕೋಶದ್ದು, ಉಳಿದದ್ದಷ್ಟೇ ರೇಷ್ಮೆಯ ಕವಚದ್ದು. ಗೂಡನ್ನು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಕೋಶವನ್ನು ಒಣಗಿಸಿದರೆ ಅದರಲ್ಲಿ ಅರ್ಧದಷ್ಟು ಪ್ರೋಟೀನು. ನಮ್ಮಲ್ಲಿ ಅದು ಕೋಳಿ ಮತ್ತು ಮೀನಿನ ಮೇವಾಗುತ್ತದೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಹುಳುವೂ ಕೋಶವೂ ಊಟದ ಪದಾರ್ಥ. ಕೊರಿಯಾದಲ್ಲಿ ಬೇಯಿಸಿದ ಕೋಶವನ್ನು ಬೀದಿಬದಿಯಲ್ಲಿ ಮಾರುತ್ತಾರೆ. ಕೋಳಿಯ ಮೂಲಕ ಬಂದರೆ ನಮಗೆ ಅಡ್ಡಿಯಿಲ್ಲ, ನೇರವಾಗಿ ಬಂದರೆ ಹೇಸಿಗೆ. ಬಿರಿಯಾನಿಯ ಸಿಗಡಿಯೂ ಕೀಟದಂತೆಯೇ ಸಂಧಿಪದಿ. ಮಿಠಾಯಿ, ಮಾತ್ರೆಗಳ ಮೇಲೆ ಮಿರುಗುವ ಲೇಪಕ್ಕೆ ಬಳಸುವ ಅರಗು, ಪಾಂಡವರ ಅರಗಿನ ಮನೆಯ ಅದೇ ಅರಗು, ಕೀಟವು ಸ್ರವಿಸಿದ್ದು.

ಕೀಟಾಹಾರವನ್ನು ಕುರಿತು ಜಗತ್ತು ಇಂದು ಬೇರೆಯೇ ದನಿಯಲ್ಲಿ ಮಾತನಾಡುತ್ತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದಿಯಲ್ಲಿ 1,900ಕ್ಕೂ ಹೆಚ್ಚು ಬಗೆಯ ಕೀಟಗಳು ಮನುಷ್ಯರ ಆಹಾರವಾಗಿವೆಯೆಂದು ದಾಖಲಿಸಿತು. 2021ರಲ್ಲಿ ಐರೋಪ್ಯ ಒಕ್ಕೂಟವು ಒಣಗಿಸಿದ ಹಿಟ್ಟುಹುಳುವಿನ ಮಾರಾಟಕ್ಕೆ ಒಪ್ಪಿಗೆ ನೀಡಿತು. ಕೀಟದ ಆಕಾರ ಕಣ್ಣಿಗೆ ಬೀಳದಂತೆ ಪುಡಿಮಾಡಿ ಬೆರೆಸಿದಾಗ ಜನ ಸುಲಭವಾಗಿ ಒಪ್ಪುತ್ತಾರೆ ಎಂಬುದನ್ನು ಅಲ್ಲಿಯ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ನನ್ನ ವಿದ್ಯಾರ್ಥಿಗಳಲ್ಲಿಯೂ ವ್ಯಾಯಾಮಶಾಲೆಗೆ ಹೋಗುವ ಹುಡುಗರು, "ಮಿಡತೆಯ ಪ್ರೋಟೀನ್ ಪುಡಿ ಬಂದರೆ ನೋಡೋಣ ಸಾರ್" ಎನ್ನುತ್ತಾರೆ. ಡಬ್ಬಿಯಲ್ಲಿ ಬಂದದ್ದಕ್ಕೆ ಕುತೂಹಲ, ಮೊರದಲ್ಲಿ ಬಂದದ್ದಕ್ಕೆ ನಗು. ಹಾಗಾದರೆ ನಾವು ಹೇಸುವುದು ಹುಳುವಿಗೋ, ಅದನ್ನು ಹುರಿದ ಕೈಗೋ?

ನನ್ನ ಶಾಲಾ ವಿದ್ಯಾಭ್ಯಾಸ ಮರಾಠಿ ಮತ್ತು ಕನ್ನಡ ಎರಡರಲ್ಲಿಯೂ ನಡೆಯಿತು. ಅನ್ನವು ಪೂರ್ಣಬ್ರಹ್ಮವೆಂಬ ಆಶಯದ ಮರಾಠಿ ಶ್ಲೋಕವನ್ನು ಹೇಳಿದ ಮೇಲೆಯೇ ನಮ್ಮ ಊಟ. ಬಹುಕಾಲದ ನಂತರ ಶಾಹು ಪಾಟೋಳೆಯವರ 'ಅನ್ನ ಹೇ ಅಪೂರ್ಣ ಬ್ರಹ್ಮ' ಎಂಬ ಕೃತಿಯ ಹೆಸರು ಕಂಡಾಗ ಬೆಚ್ಚಿದೆ. ಮರಾಠವಾಡದ ದಲಿತರ ಅಡುಗೆಯನ್ನು ಕುರಿತ ಪುಸ್ತಕವದು. ಕೆಲವರ ಅನ್ನವನ್ನು ಲೆಕ್ಕದಿಂದ ಹೊರಗಿಟ್ಟ ಮೇಲೆ ಆ ಬ್ರಹ್ಮ ಪೂರ್ಣವಾಗುವುದು ಹೇಗೆ ಎಂಬ ಪ್ರಶ್ನೆ ಆ ಶೀರ್ಷಿಕೆಯಲ್ಲಿಯೇ ಇದೆ.

ಹಾಗೆಂದು ಎಲ್ಲರೂ ಈಸಲು ತಿನ್ನಬೇಕೆಂಬುದು ನನ್ನ ವಾದವಲ್ಲ, ನಾನೂ ತಿಂದವನಲ್ಲ. ತಿನ್ನದಿರುವುದಕ್ಕೂ ನಮ್ಮಲ್ಲಿ ಗೌರವದ ಪರಂಪರೆಯಿದೆ. ಜೈನ ಶ್ರಾವಕರ ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧುವನ್ನೂ, ಅತ್ತಿ ಮೊದಲಾದ ಐದು ಉದುಂಬರ ಫಲಗಳನ್ನೂ ತ್ಯಜಿಸುವುದು ಸೇರಿದೆ. ಜೇನು ತೆಗೆಯುವಾಗ, ಹಣ್ಣು ಮೆಲ್ಲುವಾಗ ಸೂಕ್ಷ್ಮ ಜೀವಿಗಳು ಸಾಯುತ್ತವೆಂಬ ಕರುಣೆ ಅದಕ್ಕೆ ಕಾರಣ. ಅಲ್ಲಿ ಹುಳುವು ಹೊಲಸಲ್ಲ, ಜೀವ. ಸಿಗಡಿ, ಏಡಿ ಒಗ್ಗದವರಿಗೆ ಕೀಟವೂ ಒಗ್ಗದಿರಬಹುದು; ಔಷಧಿ ಸಿಂಪಡಿಸಿದ ಹೊಲದ ಹುಳು ಯಾರಿಗೂ ತಕ್ಕುದಲ್ಲ. ಕರುಣೆಯಿಂದ ಬಿಡಬಹುದು, ಆರೋಗ್ಯಕ್ಕಾಗಿ ಬಿಡಬಹುದು, ರುಚಿಸದೆಯೂ ಬಿಡಬಹುದು. ತಿನ್ನುವವರನ್ನು ಕೀಳೆಂದು ಬಗೆಯುವುದು ಮಾತ್ರ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ವಿದ್ಯಾರ್ಥಿಮಿತ್ರರೇ, ಮುಂದಿನ ಮುಂಗಾರಿನಲ್ಲಿ ನಿಮ್ಮ ಮನೆಯ ಹಿರಿಯರನ್ನು ಕೇಳಿ: ಈಸಲು ಎಷ್ಟು ಬಗೆ, ಯಾವ ಮಳೆಗೆ ಯಾವುದು ಏಳುತ್ತದೆ, ಹಿಡಿಯುವ ಸಾಧನಕ್ಕೆ ಏನೆನ್ನುತ್ತಾರೆ, ಹುರಿದದ್ದಕ್ಕೆ ಏನು ಬೆರೆಸುತ್ತಾರೆ? ಅವರು ಹೇಳಿದ ಪದಗಳನ್ನು, ಅದು ಕನ್ನಡವಿರಲಿ ತೆಲುಗಿರಲಿ, ಹೇಳಿದಂತೆಯೇ ಬರೆದುಕೊಂಡು ಬನ್ನಿ. ಮೊಮ್ಮಕ್ಕಳು ನಾಚಿಕೊಂಡ ಮಾತುಗಳನ್ನು ಅಜ್ಜಿಯರು ಆಡುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಅವು ಯಾವ ನಿಘಂಟಿಗೂ ಸಿಗುವುದಿಲ್ಲ.

ಬೀಭತ್ಸಕ್ಕೆ ನಾನು ಈಗ ಬೇರೆ ಉದಾಹರಣೆ ಕೊಡುತ್ತೇನೆ. ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಷ್ಟೇ: ಇಲ್ಲಮ್ಮ, ಕೆಟ್ಟದ್ದಲ್ಲ. ಕೆಟ್ಟದ್ದು ಅಂದು ನಾನು ಕೊಟ್ಟ ಉದಾಹರಣೆ.