ತೋಳಿನ ಮೇಲೊಂದು ನಾಣ್ಯ

‘ಏನೋ ಅದು, ತೋಳಿಗೆ ನಾಣ್ಯ ಅಂಟಿಸ್ಕೊಂಡಿದ್ದೀಯಾ?’ ಬಸ್ಸಿನಲ್ಲಿ ಗೆಳೆಯ ಕೇಳಿದಾಗ, ‘ಗಾಯ ಆಗಿದೆ ಕಣೋ’ ಎಂದು ಅಂಗಿಯ ತೋಳು ಕೆಳಗೆಳೆದುಕೊಂಡಿದ್ದೆ. ಅದು ಸಕ್ಕರೆ ಮಟ್ಟ ಅಳೆಯುವ ಸೆನ್ಸರ್.

ಪಿಯುಸಿ ಓದುವಾಗ ನನಗೆ ಟೈಪ್–1 ಮಧುಮೇಹ ಇರುವುದು ಗೊತ್ತಾಯಿತು. ಇದು ಸಿಹಿ ತಿಂದು ಬಂದದ್ದಲ್ಲ. ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡುವುದರಿಂದ ಬರುತ್ತದೆ. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಶುರುವಾಗುವವರೆಗೆ ಇಂಥವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ನಾನು ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು, ಅಮೃತೂರಿನಿಂದ ತುಮಕೂರಿಗೆ ಬಿಇ ಓದಲು ಓಡಾಡುತ್ತೇನೆ.

ಸೆನ್ಸರಿನ ಸಣ್ಣ ಎಳೆ ಚರ್ಮದ ಕೆಳಗಿನ ದ್ರವದಲ್ಲಿರುವ ಗ್ಲೂಕೋಸ್ ಅಳೆದು ಮೊಬೈಲಿಗೆ ಕಳಿಸುತ್ತದೆ. ನನ್ನದು 14 ದಿನ ಬಾಳಿಕೆ ಬರುತ್ತದೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಪ್ಪ ತಿಂಗಳಿಗೊಂದು ಕೊಡಿಸುತ್ತಾರೆ. ಉಳಿದ ದಿನ ಬೆರಳು ಚುಚ್ಚಿ ನೋಡುವುದೇ ಗತಿ.

ಅದು ಕಲಿಸಿದ ಮೊದಲ ಪಾಠ ಮುದ್ದೆಯದ್ದು. ‘ರಾಗಿ ಶುಗರ್‌ಗೆ ಒಳ್ಳೇದು, ಇನ್ನೊಂದು ಉಣ್ಣು ಮಗ’ ಎನ್ನುತ್ತಿದ್ದರು ಅಮ್ಮ. ಎರಡು ಮುದ್ದೆ ಉಂಡ ರಾತ್ರಿ ಮೊಬೈಲಿನಲ್ಲಿ 240 ಕಂಡಿತು. ರಾಗಿಯಲ್ಲೂ ಪಿಷ್ಟವಿದೆಯಲ್ಲ! ಮರುದಿನ ಒಂದೇ ಮುದ್ದೆ, ಜಾಸ್ತಿ ಸೊಪ್ಪು, ಕಾಳಿನ ಸಾರು. ಉಂಡ ಮೇಲೆ ಅಮ್ಮನ ಜೊತೆ ತೋಟದವರೆಗೆ ನಡಿಗೆ. 170 ದಾಟಲಿಲ್ಲ. ಅಂದಿನಿಂದ ಅಮ್ಮನೇ ‘ಎಷ್ಟು ತೋರಿಸ್ತು?’ ಎಂದು ಕೇಳುತ್ತಾರೆ.

ಎರಡನೇ ಪಾಠ ಕಲಿತದ್ದು ಮೂರನೇ ಸೆಮಿಸ್ಟರ್ ಇಂಟರ್ನಲ್ಸ್‌ನಲ್ಲಿ. ಬಸ್ ತಪ್ಪುತ್ತದೆಂದು ಇನ್ಸುಲಿನ್ ತೆಗೆದುಕೊಂಡು ತಿಂಡಿ ಅರ್ಧಕ್ಕೇ ಬಿಟ್ಟು ಓಡಿದ್ದೆ. ಮೊಬೈಲ್ ಹಾಲ್‌ನ ಹೊರಗಿತ್ತು. ಮೈ ಬೆವರಿತು, ಕೈ ನಡುಗಿತು, ಪ್ರಶ್ನೆಪತ್ರಿಕೆಯ ಅಕ್ಷರ ಕಲಸಿಹೋದವು. ಸಕ್ಕರೆ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ನನಗದು ಗೊತ್ತಿತ್ತು. ಪೊಟ್ಟಣ ಜೇಬಿನಲ್ಲೇ ಇತ್ತು. ತೆಗೆದರೆ ಎಲ್ಲರಿಗೂ ತಿಳಿಯುತ್ತದಲ್ಲ ಎಂದು ಸುಮ್ಮನೆ ಕೂತೆ. ಹೊರಬಂದು ಮೊಬೈಲ್ ನೋಡಿದರೆ 54. ಪೊಟ್ಟಣ ಬಾಯಿಗೆ ಸುರಿದುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತೆ. ಪ್ರಜ್ಞೆ ತಪ್ಪಿ ಬಿದ್ದಿದ್ದರೆ ನನಗೇನಾಗಿದೆ ಎಂದು ಹೇಳಬಲ್ಲವರು ಆ ಕಾಲೇಜಿನಲ್ಲಿ ಒಬ್ಬರೂ ಇರಲಿಲ್ಲ.

ಮರುದಿನ ಡಾಕ್ಟರ್ ಚೀಟಿ ಹಿಡಿದು ಎಚ್‌ಒಡಿ ಬಳಿ ಹೋದೆ. ‘ಇಷ್ಟು ದಿನ ಯಾಕಪ್ಪ ಹೇಳಲಿಲ್ಲ?’ ಎಂದರು, ಅಷ್ಟೆ. ಈಗ ಪರೀಕ್ಷೆಯಲ್ಲಿ ಗ್ಲೂಕೋಸ್ ನನ್ನ ಡೆಸ್ಕ್ ಮೇಲಿರುತ್ತದೆ, ಮೊಬೈಲ್ ಮೇಲ್ವಿಚಾರಕರ ಮೇಜಿನ ಮೇಲೆ. ಸಿಬಿಎಸ್‌ಇ 2017ರಲ್ಲೇ ಟೈಪ್–1 ಇರುವ ಮಕ್ಕಳಿಗೆ ಬೋರ್ಡ್ ಪರೀಕ್ಷೆಗೆ ಸಕ್ಕರೆ ಮಾತ್ರೆ, ಹಣ್ಣು ಒಯ್ಯಲು ಅನುಮತಿ ಕೊಟ್ಟಿತ್ತು. ಕೇಳಬೇಕೆಂದು ನನಗೇ ಹೊಳೆದಿರಲಿಲ್ಲ.

ಬಸ್ಸಿನ ಗೆಳೆಯನಿಗೂ ನಿಜ ಹೇಳಿದೆ. ಈಗ ದಿನಾ ‘ಸ್ಕೋರ್ ಎಷ್ಟೋ?’ ಎಂದು ರೇಗಿಸುತ್ತಾನೆ. ಅವನ ಬ್ಯಾಗಿನಲ್ಲೂ ಒಂದು ಗ್ಲೂಕೋಸ್ ಪೊಟ್ಟಣವಿದೆ.