ಕ್ರೂಸ್ ಊಟಕ್ಕೆ ಸೂಟೇ ಬೇಕೆ?

ಖಡಕಿಯಿಂದ ಕ್ರೂಸ್‌ಗೆ ಹೊರಟ ಕನ್ನಡಿಗರೇ, ರಾತ್ರಿಯೂಟಕ್ಕೆಂದು ಹೊಸ ಸೂಟು ಹೊಲಿಸಲು ಕೊಡುವ ಮುನ್ನ ಸ್ವಲ್ಪ ಕೇಳಿ. ಬಾಂಬೆ ಸ್ಯಾಪರ್ಸ್ ನೆಲೆಯಾದ ನಿಮ್ಮ ದಂಡುಪ್ರದೇಶಕ್ಕೆ ಮೆಸ್ಸಿನ ಶಿಸ್ತು ಹೊಸದಲ್ಲ. ಊಟದ ಮೇಜಿಗೆ ಕೋಟು-ಟೈ ಬೇಕೆಂಬುದು ಬ್ರಿಟಿಷರು ಬಿಟ್ಟುಹೋದ ರೂಢಿ. ಆದರೆ ನಮ್ಮ ನೌಕಾಪಡೆಯೇ 2024ರ ಫೆಬ್ರವರಿಯಲ್ಲಿ ಅಧಿಕಾರಿಗಳ ಮೆಸ್ಸಿಗೆ ಕುರ್ತಾ-ಪೈಜಾಮ ಒಪ್ಪಿತು. ಷರತ್ತೂ ಇದೆ: ಮೇಲೊಂದು ತೋಳಿಲ್ಲದ ಜಾಕೆಟ್, ಕಾಲಿಗೆ ಶೂ ಇಲ್ಲವೇ ಸ್ಯಾಂಡಲ್. ಸಂಪ್ರದಾಯಕ್ಕೆ ಹೆಸರಾದ ಕ್ಯೂನಾರ್ಡ್ ಹಡಗುಗಳ ಗಾಲಾ ರಾತ್ರಿಗೂ, ಅಂದರೆ ವಿಧ್ಯುಕ್ತ ಉಡುಪು ಬೇಕಾದ ಸಂಜೆಗೂ, ರಾಷ್ಟ್ರೀಯ ಉಡುಪು ನಡೆಯುತ್ತದೆ. ಅಂದಮೇಲೆ ಗರಿಗರಿ ಇಸ್ತ್ರಿಯ ಕುರ್ತಾ, ಬಂದ್‌ಗಲಾ, ಇಳಕಲ್ ಸೀರೆ, ಯಾವುದಕ್ಕೂ ಅಳುಕಬೇಕಿಲ್ಲ.

ಹಡಗು ಅವರದು, ನಿಯಮವೂ ಅವರದೇ ಅಲ್ಲವೇ ಎನ್ನಬಹುದು. ನಿಜ, ಆದರೆ ನಿಯಮ ಕೇಳುವುದು ಅಚ್ಚುಕಟ್ಟನ್ನು, ಪರದೇಶದ ವೇಷವನ್ನಲ್ಲ. ಈ ವ್ಯತ್ಯಾಸ ಮರೆತು, 2024ರ ಜುಲೈನಲ್ಲಿ ಪಂಚೆ ಉಟ್ಟ ಹಾವೇರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದು ಬಾಗಿಲಲ್ಲೇ ತಡೆಯಿತು. ಸರ್ಕಾರ ಅದನ್ನು 7 ದಿನ ಮುಚ್ಚಿಸುವುದಾಗಿ ಹೇಳಿತು. ಹಾಗೆಂದು ಬರ್ಮುಡಾ, ಹವಾಯಿ ಚಪ್ಪಲಿಯಲ್ಲಿ ಊಟದ ಹಾಲ್‌ಗೆ ನುಗ್ಗಬೇಡಿ; ಅವು ಡೆಕ್ಕಿಗೆ, ಈಜುಕೊಳಕ್ಕೆ ಸಾಕು. ಟಿಕೆಟ್ ಬುಕ್ ಮಾಡುವಾಗಲೇ ಗಾಲಾ ರಾತ್ರಿ ಎಷ್ಟಿವೆ, ಏನು ಒಪ್ಪುತ್ತಾರೆ ಎಂದು ಕೇಳಿಕೊಳ್ಳಿ.